ಇಬ್ಬರು ಪಕೀರಮ್ಮಂದಿರ ತೆರಿಗೆ

ಬೇವೂರಿನ ಸುತ್ತ ಇಂದು ಸಂಸಾರ ನಡೆಸುತ್ತಿರುವ ಎಷ್ಟೋ ಜನ ಮೊದಲ ಸಲ ಅತ್ತದ್ದು ಪಕೀರಮ್ಮನ ಕೈಯಲ್ಲಿ. ಸರ್ಕಾರಿ ನರ್ಸಾಗಿ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದವಳು. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಅಕ್ಕ ಮುದುಕಮ್ಮನ ಜೊತೆ ಯಲಬುರ್ಗಾದಲ್ಲಿ ಬಾಡಿಗೆ ಮನೆಯಲ್ಲಿದ್ದಳು.

೨೦೦೩ರಲ್ಲಿ ನಿವೃತ್ತಿಯಾದಾಗ, ಹುಟ್ಟಿದ ವರ್ಷ ದಾಖಲೆಗಳಲ್ಲಿ ತಾಳೆಯಾಗಲಿಲ್ಲವೆಂದು ಪಿಂಚಣಿ ನಿಂತಿತು. ಆರು ವರ್ಷ ಕೈಸಾಲದಲ್ಲೇ ಕಳೆಯಿತು. ೨೦೦೯ರಲ್ಲಿ ಬಾಕಿಯೆಲ್ಲ ಒಟ್ಟಿಗೇ ಬಂತು. ಒಟ್ಟಿಗೇ ಬಂದದ್ದರಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಆದಾಯ ತೆರಿಗೆ ಹಿಡಿದುಕೊಂಡೇ ಬ್ಯಾಂಕು ಉಳಿದದ್ದನ್ನು ಕೊಟ್ಟಿತು. ಅದರಲ್ಲಿ ಬಹುಪಾಲು ಸಾಲಕ್ಕೆ ಹೋಯಿತು. ಅಕ್ಕನ ಸೊಂಟದ ಕೀಲು ಸವೆದು, ಗೋಡೆ ಹಿಡಿದು ನಡೆಯುವ ಹಾಗಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಹೇಳಿದ ಆಪರೇಷನ್ನಿಗೆ ಆ ತೆರಿಗೆಯಷ್ಟೇ ಹಣ ಕಡಿಮೆ ಬಿತ್ತು.

ಕೊಪ್ಪಳದಲ್ಲಿ ತೆರಿಗೆಯ ಕಾಗದಪತ್ರ ಮಾಡಿಕೊಡುವ ಶಬ್ಬೀರಸಾಬ ಧೈರ್ಯ ಹೇಳಿದ. "ನರ್ಸಮ್ಮಾರ, ಇದು ಆರು ವರ್ಷದ ರೊಕ್ಕ. ಆಯಾ ವರ್ಷಕ್ಕ ಹಂಚಿದ್ರ ನಿಮಗ ತೆರಿಗೀನ ಬರಂಗಿಲ್ಲ. ಪೂರಾ ವಾಪಸ್ ಬರ್ತೈತಿ."

ಪಕೀರಮ್ಮ ಅಕ್ಕನಿಗೆ ಮೆತ್ತನೆಯ ಚಪ್ಪಲಿ ತಂದಿಟ್ಟಳು. ಆಪರೇಷನ್ ಆದಮೇಲೆ ಹಾಕಿಕೊಳ್ಳಲಿಕ್ಕೆ.

ಒಂದು ವರ್ಷ ಕಳೆದರೂ ಹಣ ಬರಲಿಲ್ಲ. ಶಬ್ಬೀರಸಾಬ ಬೆನ್ನುಹತ್ತಿ ನೋಡಿದಾಗ ಗೊತ್ತಾಯಿತು: ಬ್ಯಾಂಕಿನಲ್ಲಿ ಯಾರೋ ಇವಳ ಪ್ಯಾನ್ ನಂಬರಿನ ಬದಲು ಇದೇ ಹೆಸರಿನ ಇನ್ನೊಬ್ಬಳ ನಂಬರು ಹಾಕಿದ್ದರು. ಕಾರಟಗಿಯ ಒಂದು ಅಕ್ಕಿ ಮಿಲ್ಲಿನ ಮಾಲೀಕನ ಹೆಂಡತಿ. ಇವಳು ಕಟ್ಟಿದ ತೆರಿಗೆ ಆಕೆಯ ಲೆಕ್ಕಕ್ಕೆ ಸೇರಿ, ಆಕೆಗೇ ರಿಫಂಡ್ ಹೋಗಿಬಿಟ್ಟಿತ್ತು.

ಮರುದಿನವೇ ಪಕೀರಮ್ಮ ಕಾರಟಗಿಯ ಬಸ್ಸು ಹತ್ತಿದಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಂಡಳು. ಹುಡುಕಿ ಹೋದಾಗ ಮಿಲ್ಲಿಗೆ ಬೀಗ ಬಿದ್ದಿತ್ತು. ಹಿಂದಿನ ಮನೆಯಲ್ಲಿ ತನ್ನದೇ ವಯಸ್ಸಿನ ವಿಧವೆಯೊಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು.

"ನಿಮ್ಮ ಖಾತೇಕ ಬಂದಿದ್ದು ನನ್ನ ರೊಕ್ಕರಿ. ನನ್ನ ಪಿಂಚಣ್ಯಾಗ ಹಿಡಿದಿದ್ದು," ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಕಾರಟಗಿಯ ಪಕೀರಮ್ಮನ ಕೈ ಮೊರದಲ್ಲೇ ನಿಂತಿತು. "ಅದು ನಿಮ್ಮದೇನ್ರಿ? ಎಲ್ಲಿಂದ ಬಂತಂತ ನಮಗೂ ತಿಳಿಲಿಲ್ಲ. ಒಂದಿನಾನೂ ನಿಲ್ಲಲಿಲ್ಲವ್ವ, ಮಿಲ್ಲಿನ ಸಾಲಕ್ಕಂತ ಬ್ಯಾಂಕಿನವ್ರು ಮುರಕೊಂಡ್ರು."

ಆಕೆ ಕಿವಿಯ ಬೆಂಡೋಲೆ ಬಿಚ್ಚತೊಡಗಿದಳು. "ಇದೊಂದು ಉಳದೈತಿ. ಒಯ್ರಿ."

"ಬ್ಯಾಡ, ಬಿಡ್ರಿ," ಎಂದಳು ಪಕೀರಮ್ಮ. ವಾಪಸು ಬರುವಾಗ, ತೆಗೆದುಕೊಳ್ಳಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ಕೊಪ್ಪಳ ಬಂದಾಗ ಅದಕ್ಕೂ ನಾಚಿಕೆಯಾಯಿತು.

ಬ್ಯಾಂಕಿನವರು ತಪ್ಪನ್ನು ಒಪ್ಪಿಕೊಂಡರು. ಆದರೆ ಅದರಿಂದ ಏನೂ ಆಗಲಿಲ್ಲ. "ತಿದ್ದುಪಡಿ ಕಳಿಸೇವಿ, ತೆರಿಗಿ ಆಫೀಸಿನವ್ರು ತಗೊಳ್ಳವಲ್ರು. ಆ ಲೆಕ್ಕದ ಮ್ಯಾಲ ರಿಫಂಡ್ ಆಗಲೇ ಹೋಗ್ಯದಲ್ರಿ," ಎಂದ ಅಧಿಕಾರಿ ಕೆಲ ತಿಂಗಳಲ್ಲೇ ವರ್ಗವಾಗಿ ಹೋದ. ಅವನ ಜಾಗಕ್ಕೆ ಬಂದವನಿಗೆ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅವನ ನಂತರ ಬಂದವನಿಗೂ. ಕೊನೆಗೆ ಶಬ್ಬೀರಸಾಬನೇ ತಲೆತಗ್ಗಿಸಿ, "ಕೇಳೋ ಮುದ್ದತು ಮುಗೀತ್ರಿ ನರ್ಸಮ್ಮಾರ. ಇನ್ನ ಯಾರ ಕೈಯಾಗೂ ಇಲ್ಲ," ಎಂದ. ತನ್ನ ಕೆಲಸಕ್ಕೆ ಅವನು ಬಿಡಿಗಾಸೂ ಮುಟ್ಟಲಿಲ್ಲ. ಆ ಹಣ ಕಡೆಗೂ ಬರಲಿಲ್ಲ.

ಪಿಂಚಣಿಯಲ್ಲೇ ಹಿಡಿಹಿಡಿಯಾಗಿ ಉಳಿಸಿ, ಕಡಿಮೆ ಬಿದ್ದದ್ದನ್ನು ತುಂಬಿಸುವ ಹೊತ್ತಿಗೆ ೨೦೧೩ ಬಂದಿತ್ತು. ಅಕ್ಕನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿ, ಪಕೀರಮ್ಮನನ್ನಷ್ಟೇ ಒಳಗೆ ಕರೆದು, ಹೃದಯ ಸೋತಿದೆ, ಈಗ ಆಪರೇಷನ್ನಿಗೆ ಮತ್ತು ಬರಿಸಿದರೆ ತಡೆಯಲಾರದು ಎಂದರು. ನರ್ಸಾಗಿದ್ದವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮುದುಕಮ್ಮ ಕೇಳಿದಳು, "ಏನಂದ್ರು ತಂಗಿ?"

"ಮುಂದಿನ ವರ್ಷ ಮಾಡೂಣು ಅಂದ್ರಕ್ಕ. ಮೈಯಾಗ ಸ್ವಲ್ಪ ರಕ್ತ ಕೂಡ್ಲಿ ಅಂದ್ರು."

ಮುದುಕಮ್ಮ ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೂಂ. ಆತು ಬಿಡು," ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.