ಗುಡಿಸದೆ ಬಿಟ್ಟ ಹಿತ್ತಲು

ನಮ್ಮತ್ತೆಯ ಹಿಮ್ಮಡಿಗಳು ಬಿರುಕು ಬಿಟ್ಟಿದ್ದವು. ಆ ಬಿರುಕುಗಳಲ್ಲಿ ತೆಂಗಿನ ನಾರಿನ ಕಂದು ಪುಡಿ ಸೇರಿಕೊಂಡು, ಎಷ್ಟು ತೊಳೆದರೂ ಗೆರೆಗೆರೆಯಾಗಿ ಉಳಿದಿರುತ್ತಿತ್ತು. ಆ ಬುಧವಾರವೂ ಹಾಗೇ ಇತ್ತು. ಹಿತ್ತಲಲ್ಲಿ ಕೋಳಿಗಳಿಗೆಂದು ಜಾಲರಿ ಕಟ್ಟಿದ ಜಾಗದಲ್ಲಿ ಬಗ್ಗಿ ನಿಂತು, ಕೈಗುದ್ದಲಿಯಿಂದ ನೆಲಕ್ಕೆ ಹರಡಿದ್ದ ಪುಡಿಯನ್ನು ತಿರುವಿ ಹಾಕುತ್ತಿದ್ದರು. ಕೆಂಪು ಹೇಂಟೆಯೊಂದು ಗುದ್ದಲಿಗೇ ಅಡ್ಡ ಬಂದು ಹುಳ ಹುಡುಕುತ್ತಿತ್ತು. “ಅತ್ಲಾಗೋಗೆ, ಕಾಲು ಕತ್ತರಿಸ್ಕಂಡು ಆಮೇಲೆ ನನ್ ಮೇಲೆ ದೂರು ಹೇಳ್ತೀಯ” ಎಂದು ಅದನ್ನು ಬೈದರು. ನನ್ನ ಕಡೆ ತಿರುಗಿ, “ಸಾರಿಗೆ ಉಪ್ಪು ಕಡ್ಮೆ ಆಗೈತೆ ಕಣಮ್ಮಿ” ಅಂದರು. ಅಷ್ಟೆ. ಮಾರನೆಯ ಬೆಳಿಗ್ಗೆ ಅವರಿಗೆ ಬಲಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವರು ಉಳಿದು ಬರಲಿಲ್ಲ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಹುತ್ರಿದುರ್ಗದ ಬೆಟ್ಟದ ಕೆಳಗಿನ ಊರಿನವರು. ಮಾವ ತೀರಿಕೊಂಡು, ಊರಿನ ಮನೆ ಅವರ ಮೈದುನನ ಪಾಲಿಗೆ ಹೋದ ವರ್ಷ, ಮಳೆಗಾಲದಲ್ಲಿ, ಕುಣಿಗಲ್ ಬಸ್ಸಿನಿಂದ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಂದಿಳಿದರು. ಒಂದು ಟ್ರಂಕು, ಒಂದು ಮಂಕರಿ ತುಂಬ ಕೋಳಿ. ಹೊಸಿಲು ದಾಟುವ ಮೊದಲೇ ಮಗನಿಗೆ ಹೇಳಿದರು: “ನೋಡ್ಲಾ, ಕೋಳಿ ಇದ್ರೆ ನಾನಿರ್ತೀನಿ. ಕೈಕಟ್ಕಂಡು ಕುಂತು ಉಣ್ಣಾಕೆ ನನ್ ಕೈಲಾಗಕಿಲ್ಲ. ಬ್ಯಾಡ ಅಂದ್ರೆ ಈಗ್ಲೇ ಹೇಳ್ಬುಡು, ಮೈದುನನ ಜಗಲಿ ಮೇಲೆ ಬಿದ್ಕತೀನಿ.”

ನಾನು ಆಗಷ್ಟೇ ಗುಬ್ಬಿಯಿಂದ ಮದುವೆಯಾಗಿ ಬಂದಿದ್ದೆ. ತಾಯಿ ಇಲ್ಲದೆ ಬೆಳೆದವಳು. ಗಂಡ ಆಫೀಸಿಗೆ ಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ಗೋಡೆ ನೋಡುತ್ತಾ ಇರಬೇಕಿತ್ತು. ಅತ್ತೆಗೆ ಹೆದರುತ್ತಿದ್ದೆ, ನಿಜ. ಆದರೂ ಅವರು ಹೋಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಊರಿನಲ್ಲಿ ಅಂಗಳಕ್ಕೆ ಮಾಡುತ್ತಿದ್ದ ಹಾಗೆಯೇ ಇಲ್ಲಿ ಕೋಳಿಗಳ ಜಾಗಕ್ಕೂ ಮಾಡಿದರು. ಬೆಳಿಗ್ಗೆ ಎದ್ದವರೇ ಕಡ್ಡಿಪೊರಕೆಯಿಂದ ಒಂದು ಕಡ್ಡಿಯೂ ಉಳಿಯದಂತೆ ಗುಡಿಸಿ, ಸಗಣಿ ಹಾಕಿ ಸಾರಿಸುತ್ತಿದ್ದರು. ಊರಲ್ಲಾದರೆ ಆ ಸಗಣಿ ಬಿಸಿಲಿಗೆ ಒಣಗಿ ಹಪ್ಪಳದಂತಾಗುತ್ತಿತ್ತು. ನಮ್ಮ ಹಿತ್ತಲು ಎರಡು ಕಾಂಪೌಂಡಿನ ನಡುವೆ ಸಿಕ್ಕಿಕೊಂಡಿತ್ತು, ಬಿಸಿಲು ಬೀಳುತ್ತಲೇ ಇರಲಿಲ್ಲ. ನೆಲ ಹಸಿಹಸಿ. ಅದರ ಮೇಲೆ ಹಿಕ್ಕೆ. ವಾಸನೆ ಹೆಚ್ಚಿದಷ್ಟೂ ಅತ್ತೆ ಇನ್ನಷ್ಟು ಸಾರಿಸಿದರು.

ಹಿತ್ತಲ ಹಿಂದಿನ ಮನೆಯಲ್ಲಿದ್ದವರು ನಮ್ಮ ಮನೆ ಮಾಲೀಕರೇ. ಒಂದು ದಿನ ಅವರ ಹೆಂಡತಿ ಗೋಡೆಯಾಚೆಯಿಂದ ಕರೆದು, “ನೋಡಿಮ್ಮಾ, ನಾವು ಮೊಟ್ಟೆ ಮುಟ್ಟದೋರು. ಆದ್ರೂ ಇಷ್ಟು ದಿವ್ಸ ಸುಮ್ನಿದ್ವಿ. ಈ ವಾಸನೆ ಮಾತ್ರ ತಡೆಯಕ್ಕಾಗಲ್ಲ. ದೀಪಾವಳಿವರೆಗೂ ನೋಡ್ತೀವಿ, ಆಮೇಲೆ ಕೋಳಿ ಇರಕೂಡದು” ಅಂದರು. ಕೋಳಿ ಹೋದರೆ ಅತ್ತೆಯೂ ಹೋಗುತ್ತಾರೆ ಎಂದು ಆ ತಾಯಿಗೆ ಗೊತ್ತಿರಲಿಲ್ಲ.

ನೆಲಕ್ಕೆ ಏನಾದರೂ ಹಾಸೋಣವೆಂದು ನನ್ನ ಗಂಡ ಮೊದಲು ಮರಳು ತರಿಸಿದರು. ಮಳೆ ಬಂದಾಗ ಅದು ತಣ್ಣಗಾಗಿ, ಕೋಳಿಗಳು ಗರಿ ಉಬ್ಬಿಸಿಕೊಂಡು ಮುದುರಿ ಕೂತವು. “ಮರಳು ಚೆನ್ನಾಗೈತೆ ಕಣ್ಲಾ, ಹೊಳೆ ದಂಡೇಲಿ” ಅಂದರು ಅತ್ತೆ. ಆಮೇಲೆ ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ಬಂತು. ಅದು ಹಿಟ್ಟಿನಷ್ಟು ನಯ. ಕೋಳಿಗಳು ಕೆದಕಿದ್ದೇ ತಡ, ಧೂಳೆದ್ದು ಸೀನತೊಡಗಿದವು. “ಕೋಳಿಗೆಲ್ಲ ನಶ್ಯ ಏರಿಸ್ಬುಟ್ಯಲ್ಲೋ!” ಎಂದು ಮಗನನ್ನು ಆಡಿಕೊಂಡರು. ಬಾಯಲ್ಲಿ ತಮಾಷೆ ಇತ್ತು. ಆದರೆ ಆ ವಾರ ಅವರು ಟ್ರಂಕು ತೆಗೆದು ಸೀರೆಗಳನ್ನು ಮತ್ತೆ ಮತ್ತೆ ಮಡಿಸಿಡುತ್ತಿದ್ದುದನ್ನು ನಾನು ನೋಡಿದೆ.

ವಿಷಯ ತಿಳಿದ ನಮ್ಮಪ್ಪ ಗುಬ್ಬಿಯಿಂದ ಎರಡು ಗೋಣಿಚೀಲ ಹೊರಿಸಿಕೊಂಡು ಬಂದರು. ತೆಂಗಿನ ನಾರು ಬಿಡಿಸುವ ಕಡೆ ಉದುರುವ ಪುಡಿ. ಆಗ ಅದು ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತಿತ್ತು, ಕೇಳುವವರಿರಲಿಲ್ಲ. ಬೀಗಿತ್ತಿಯ ಮನೆಗೆ ಬರೀ ಕಸ ಕೊಡುವುದು ಹೇಗೆ ಎಂದು ಅಪ್ಪ ಚೀಲದ ಮೇಲೆ ವೀಳ್ಯದೆಲೆ, ಅಡಿಕೆ, ಎರಡು ತೆಂಗಿನಕಾಯಿ ಇಟ್ಟು ಅತ್ತೆಯ ಮುಂದೆ ನಿಲ್ಲಿಸಿದರು.

“ಏನ್ ಬೀಗ್ರೆ, ಮಗಳ ಮನೆಗೆ ಜನ ಚಿಗಳಿ ತಂಬಿಟ್ಟು ತತ್ತಾರೆ. ನೀವು ತಿಪ್ಪೆ ತಂದಿದೀರ?”

“ತಂಬಿಟ್ಟು ತಂದ್ರೆ ನೀವು ತಿಂದ್ಬುಟ್ಟು ಊರಿಗೆ ಹೊಂಟೋಗ್ತೀರ, ಅಕ್ಕ. ಇದಾದ್ರೆ ಇಲ್ಲೇ ಇರ್ತೀರ.”

ಅತ್ತೆ ಸೆರಗು ಸರಿಮಾಡಿಕೊಂಡು, ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಪುಡಿ ಮಳೆಯಲ್ಲಿ ನೆನೆದು ಬಂದಿತ್ತು, ಒಣಗಿಸಬೇಕಿತ್ತು. ಬಿಸಿಲಿದ್ದದ್ದು ಮಾಲೀಕರ ತಾರಸಿಯ ಮೇಲೆ ಮಾತ್ರ. ಯಾರ ಮುಂದೆಯೂ ಕೈಚಾಚದ ಹೆಂಗಸು ಅಂದು ಗೋಡೆಯ ಹತ್ತಿರ ಹೋಗಿ ನಿಂತು, “ಅವ್ವಾ, ನಮ್ ವಾಸ್ನೆ ನಿಮ್ಮನೆಗೆ ಬತ್ತೈತೆ. ನಿಮ್ ಬಿಸ್ಲು ವಸಿ ನಮ್ಮನೆಗೆ ಬರ್ಲಿ” ಅಂದರು. ಮಾಲೀಕರ ಹೆಂಡತಿಗೆ ನಗು ತಡೆಯಲಾಗಲಿಲ್ಲ. ತಾರಸಿಯ ಮೆಟ್ಟಿಲ ಬಾಗಿಲು ತೆಗೆದುಕೊಟ್ಟರು.

ಒಣಗಿದ ಪುಡಿಗೆ ಎಣ್ಣೆ ಮಿಲ್ಲಿನ ಕಡಲೆಕಾಯಿ ಸಿಪ್ಪೆ ಬೆರೆಸಿ ಗೇಣು ದಪ್ಪಕ್ಕೆ ಹಾಸಿದೆವು. ಕಷ್ಟವಾದದ್ದು ಅದರ ನಂತರ. ಹಾಸಿದ್ದನ್ನು ಗುಡಿಸದೆ ಬಿಟ್ಟರೆ ಮಾತ್ರ ಅದು ಹಿಕ್ಕೆಯ ಹಸಿ ಹೀರಿ ವಾಸನೆ ತಡೆಯುತ್ತಿತ್ತು. ಬೆಳಿಗ್ಗೆ ಎದ್ದರೆ ಅತ್ತೆಯ ಕೈ ತಾನಾಗಿ ಪೊರಕೆಗೆ ಹೋಗುತ್ತಿತ್ತು. ಒಂದು ದಿನ ಪೊರಕೆ ಹಿಡಿದವರು ಜಾಲರಿಯ ಹೊರಗೇ ನಿಂತುಬಿಟ್ಟರು. “ಊರಲ್ಲಿ ಹೊಂಗೆ ಮರದ ಬುಡ ಯಾರಮ್ಮಿ ಗುಡಿಸ್ತಿದ್ರು? ತರಗೆಲೆ ಬಿದ್ದಿರೋದು, ಕೋಳಿನೇ ಕೆದಕೋವು. ಒಂದಿನಾನಾರ ವಾಸ್ನೆ ಬಂದಿತ್ತಾ?” ಎಂದು ನನ್ನನ್ನೇ ಕೇಳಿದರು. ನಾನು ಆ ಮರವನ್ನು ನೋಡಿದವಳೇ ಅಲ್ಲ. “ಇಲ್ಲ ಅತ್ತೆ” ಅಂದೆ. “ಹಂಗಾರೆ ತಗ ಈ ಪೊರಕೇನ. ನನ್ ಕಣ್ಣಿಗೆ ಬೀಳ್ದಂಗೆ ಮಡಗು.”

ಹುಟ್ಟಿದಾಗಿನಿಂದ ಗುಡಿಸಿ ಸಾರಿಸಿ ಗರತಿ ಅನ್ನಿಸಿಕೊಂಡವರಿಗೆ ಕಸವನ್ನು ಕಣ್ಣೆದುರೇ ಬಿಡುವುದು ಸಣ್ಣ ಮಾತಲ್ಲ. ಮೊದಲ ವಾರ ಅವರು ಆ ಕಡೆ ಮುಖ ಹಾಕಿ ಕೂರುತ್ತಲೇ ಇರಲಿಲ್ಲ. ಆಮೇಲಾಮೇಲೆ ದಿನಕ್ಕೊಂದು ಸಲ ತಿರುವಿ ಹಾಕಿ, ಸಾಕಾಯಿತು ಎಂದು ಕೈ ಒರೆಸಿಕೊಳ್ಳುವುದನ್ನು ಕಲಿತರು.

ದೀಪಾವಳಿಗೆ ಮುಂಚೆ ಮಾಲೀಕರ ಹೆಂಡತಿ ಗೋಡೆಯ ಮೇಲಿಂದ ಇಣುಕಿ, “ಏನ್ರೀ, ಕೋಳಿ ಮಾರ್ಬಿಟ್ರಾ?” ಅಂದರು. ಅಷ್ಟರಲ್ಲಿ ಹುಂಜ ಕೂಗಿತು. ಅತ್ತೆ ಕೂತಲ್ಲಿಂದಲೇ, “ಅದೇ ಹೇಳ್ತು ನೋಡಿ” ಅಂದರು. ಆ ಸಂಜೆ ನನ್ನ ಬೀರುವಿನಲ್ಲಿ ಸೀರೆ ಇಡಲು ಒಂದು ಖಾನೆ ಕೇಳಿದರು. ನಾನು ಮೇಲಿನದನ್ನೇ ಖಾಲಿ ಮಾಡಿಕೊಟ್ಟೆ.

ಅಲ್ಲಿಂದಾಚೆಗೆ ಅವರು ನನ್ನವರಾದರು. ನನ್ನ ಎರಡೂ ಹೆರಿಗೆಗೆ ತವರಿನ ಕಡೆಯಿಂದ ಯಾರೂ ಬರಬೇಕಾಗಲಿಲ್ಲ. ಬಾಣಂತಿಗೆ ನೀರು ಹಾಕಿದವರು, ಮಗು ಅತ್ತರೆ ರಾತ್ರಿ ಎದ್ದವರು ಅವರೇ. ಹಿತ್ತಲ ಬಾಗಿಲ ಮೆಟ್ಟಿಲಲ್ಲಿ ಇಬ್ಬರೂ ತಟ್ಟೆ ಹಿಡಿದು ಕೂತು ಉಣ್ಣುತ್ತಿದ್ದೆವು. ಮುದ್ದೆ ಮುರಿಯುತ್ತಾ ಅವರು ಹೇಳಿದ ಮಾತುಗಳಲ್ಲಿ ಅರ್ಧ ಬೈಗುಳ, ಇನ್ನರ್ಧಕ್ಕೆ ಕೋಳಿಗಳೇ ಕಾರಣ. ಅತ್ತೆ ಸೊಸೆ ಹೀಗೂ ಇರುತ್ತಾರಾ ಎಂದು ಪಕ್ಕದ ಮನೆಯವರು ಕೇಳಿದ್ದುಂಟು.

ಅವರು ಹೋಗಿ ಮೊದಲ ಮಳೆಗಾಲ ಇದು. ಕೋಳಿಗಳು ಚೆನ್ನಾಗಿವೆ. ಭಾನುವಾರ ನನ್ನ ಗಂಡ ಪುಡಿ ತಿರುವಿ ಹಾಕುತ್ತಾರೆ, ಹಿತ್ತಲಲ್ಲಿ ವಾಸನೆ ಇಲ್ಲ. ಮಕ್ಕಳು ಸ್ಕೂಲಿಗೆ ಹೋಗುತ್ತಾರೆ.

ಮಧ್ಯಾಹ್ನ ನಾನೊಬ್ಬಳೇ ಉಣ್ಣುತ್ತೇನೆ.