ಟೆಸ್ಟ್ ಬೇಗ ಮುಗಿದ ಮೇಲೆ

ನಮ್ಮ ಆಫೀಸಿನಲ್ಲಿ ಒಂದು ನಿಯಮವಿತ್ತು. ಐದಕ್ಕೆ ಕೆಲಸ ನಿಲ್ಲಿಸಿ ಟೆಸ್ಟ್‌ಗಳನ್ನು ಓಡಿಸಬೇಕು; ಎಲ್ಲವೂ ಹಸಿರಾಗುವ ತನಕ ಯಾರೂ ಮನೆಗೆ ಹೊರಡುವಂತಿಲ್ಲ. ಇಳಕಲ್ ಸೀರೆಗಳನ್ನು ಪುಣೆ, ಸೊಲ್ಲಾಪುರದವರು ಕೂತಲ್ಲೇ ಕೊಳ್ಳಲೆಂದು ನಾವು ವೆಬ್‌ಸೈಟ್ ಕಟ್ಟುತ್ತಿದ್ದೆವು. ಗಿರಾಕಿ ಸೀರೆ ಆರಿಸಿದ, ವಿಳಾಸ ಬರೆದ, ಬೇಡವೆಂದು ರದ್ದು ಮಾಡಿದ. ಇದನ್ನೆಲ್ಲ ಕಂಪ್ಯೂಟರೇ ಗಿರಾಕಿಯ ಹಾಗೆ ಮಾಡಿ ನೋಡಿ, ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು ತೋರಿಸುವುದೇ ಟೆಸ್ಟ್. ಒಳ್ಳೆಯ ನಿಯಮವೇ. ಆದರೆ ಅದನ್ನು ಮಾಡಿದ ಮಾಲೀಕರ ಮನೆ ಬಾಗಲಕೋಟೆಯ ನವನಗರದಲ್ಲಿ, ಆಫೀಸಿನ ಹಿಂದಿನ ರಸ್ತೆಯಲ್ಲೇ ಇತ್ತು. ನನ್ನ ಮನೆ ಬಸ್ಸಿನಲ್ಲಿ ಗಂಟೆಗೂ ಮೀರಿದ ದಾರಿ, ಹುನಗುಂದದಲ್ಲಿ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಟೆಸ್ಟ್‌ಗಳು ತೆವಳುತ್ತಿರುವಾಗಲೇ ನನ್ನ ಬಸ್ಸು ಹೊರಟುಹೋಗುತ್ತಿತ್ತು. ಮುಂದಿನದು ಹಿಡಿದರೆ ಶಿರೂರು ದಾಟುವಷ್ಟರಲ್ಲಿ ಕತ್ತಲು, ಮನೆ ಮುಟ್ಟುವಷ್ಟರಲ್ಲಿ ಮಗಳಿಗೆ ನಿದ್ದೆ. ಬೆಳಗ್ಗೆ ಅವಳು ಏಳುವ ಮೊದಲೇ ನಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ. ಐತವಾರದ ರಜೆಯೊಂದು ಬಿಟ್ಟರೆ, ಹೆತ್ತ ಮಗುವನ್ನು ನಿದ್ದೆಯಲ್ಲಷ್ಟೇ ನೋಡುತ್ತಿದ್ದೆ.

"ಇದೆಂಥಾ ನೌಕರಿಯವ್ವಾ, ಕೂಸಿನ ಮಾರಿ ನೋಡಾಕ ವ್ಯಾಳ್ಯಾ ಸಿಗೂದಿಲ್ಲ?" ಎನ್ನುತ್ತಿದ್ದರು ಅತ್ತೆ. ಅವರನ್ನು ದೂರಲಾರೆ. ಕೂಸನ್ನು ಸಾಕುತ್ತಿದ್ದವರು ಅವರೇ.

ಒಂದು ಮಧ್ಯಾಹ್ನ ಸಿಟ್ಟಿನಲ್ಲೇ ಕೂತು, ಈ ಟೆಸ್ಟ್‌ಗಳಿಗೆ ಇಷ್ಟು ಹೊತ್ತೇಕೆ ಎಂದು ಹುಡುಕಿದೆ. ಪ್ರತಿ ಟೆಸ್ಟ್‌ಗೂ ಇಡೀ ಡೇಟಾಬೇಸನ್ನು ಹೊಸದಾಗಿ ಕಟ್ಟಿ, ಸೀರೆಗಳ ವಿವರ ತುಂಬಿ, ಮುಗಿದೊಡನೆ ಕೆಡವುವ ಹಾಗೆ ಬರೆದಿದ್ದರು. ನನ್ನ ತವರು ಇಳಕಲ್, ನೇಕಾರರ ಮನೆ. ಒಂದೊಂದು ಸೀರೆಗೂ ಹೊಸ ಮಗ್ಗ ಹೂಡುವ ಹುಚ್ಚರನ್ನು ನಾನು ಕಂಡಿರಲಿಲ್ಲ. ಡೇಟಾಬೇಸ್ ಒಮ್ಮೆ ಮಾತ್ರ ಕಟ್ಟಿ, ಒಂದು ಟೆಸ್ಟ್ ಮಾಡಿದ ಬದಲಾವಣೆಯನ್ನಷ್ಟೇ ಅಳಿಸಿ ಮುಂದಿನದಕ್ಕೆ ಹೋಗುವಂತೆ ಮಾಡಿದೆ. ಅಂದು ಚಹಾ ಆರುವ ಮೊದಲೇ ಪರದೆ ಹಸಿರಾಯಿತು.

ಕೆಲವು ದಿನ ಸುಖ. ಬೆಳಕಿರುವಾಗಲೇ ಮನೆ. ಮಗಳಿಗೆ ನಾನೇ ಉಣ್ಣಿಸಿದೆ, ಕಥೆ ಹೇಳಿದೆ, ಹಟ ಮಾಡಿದಾಗ ಬೈದೆ ಕೂಡ. ಬೈಯುವುದಕ್ಕೂ ಪುಣ್ಯ ಬೇಕು.

ಮಾಲೀಕರಿಗೆ ಖುಷಿಯಾಯಿತು. ನಮ್ಮಲ್ಲಿ ಖುಷಿಯಾದರೆ ಸನ್ಮಾನ ಮಾಡಬೇಕಲ್ಲ! ಕೆಲಸದ ಹೊತ್ತು ಹಾಳಾಗಬಾರದೆಂದು ಸಂಜೆಯೇ ಇಟ್ಟರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಭಾಷಣ ಬಿಗಿದರು. ನನ್ನ ಕಣ್ಣು ಗಡಿಯಾರದ ಮೇಲೆ. ಬಸ್ಸು ಹೋಯಿತು.

"ನಮ್ಮ ಅಕ್ಕಾವ್ರು ಭಾಳ ಶಾಣ್ಯಾ ಅದಾರ," ಎಂದರು ಮಾಲೀಕರು. "ಟೆಸ್ಟ್‌ಗೆ ಹೊತ್ತು ಬೇಕಂತ ಐದಕ್ಕ ಕೆಲಸ ನಿಲ್ಲಸ್ತಿದ್ವಿ. ಇನ್ನ ಆ ಚಿಂತಿ ಇಲ್ಲ. ನಾಳಿಂದ ಏಳರತನಾ ಕೆಲಸ ಮಾಡೂಣು, ಆಮ್ಯಾಲ ಟೆಸ್ಟ್ ಓಡಿಸಿ ಆರಾಮ ಹೋಗ್ರಿ."

"ಸರ್, ನನ್ನ ಬಸ್ಸು..." ಎಂದೆ.

"ಏಳೂವರಿಗೂ ಬಸ್ ಐತಲ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಂಪ್ಯೂಟರ್ ನನ್ನನ್ನು ಬಿಟ್ಟಿತ್ತು, ಮಾಲೀಕರು ಬಿಡಲಿಲ್ಲ. ಹೊತ್ತು ಉಳಿಸಿದವಳು ನಾನು, ಆದ್ದರಿಂದ ಅದು ನನ್ನದೆಂದು ತಿಳಿದಿದ್ದೆ. ಎಂಥ ದಡ್ಡಿ!

ಪಕ್ಕದ ಕುರ್ಚಿಯವರು ಪಿಸುಗುಟ್ಟಿದರು: "ಸುಮ್ನ ಇರಬೇಕಿತ್ತು ನೀವು. ಮೊದಲಾದ್ರ ಚಹಾ ಕುಡಕೋತ ಹರಟೀನರ ಹೊಡೀತಿದ್ವಿ."

ತಿಂಗಳುಗಳು ಹಾಗೇ ಹೋದವು. ಒಂದು ಮಂಗಳವಾರ ಕರೆಂಟ್ ಹೋಗಿ, ಸಂಜೆತನಕ ಬರುವುದಿಲ್ಲವೆಂದು ತಿಳಿದು ಆಫೀಸು ಮುಚ್ಚಿದರು. ಬಿಸಿಲಿರುವಾಗಲೇ ಹುನಗುಂದ ಸೇರಿದೆ. ಮಗಳು ಕಟ್ಟೆಯ ಮೇಲೆ ಆಡುತ್ತಿದ್ದಳು. ನನ್ನನ್ನು ಕಂಡವಳು ಓಡಿ ಬರಲಿಲ್ಲ. ಒಳಗಿದ್ದ ಅಜ್ಜಿಯನ್ನು ಕೂಗಿ ಕೇಳಿದಳು: "ಆಯಿ, ಇವತ್ತ ಐತವಾರ ಏನ?"

"ಅಲ್ಲವ್ವಾ," ಎಂದರು ಅತ್ತೆ ಒಳಗಿನಿಂದಲೇ.

"ಮತ್ತ ಅವ್ವ ಯಾಕ ಬಂದಾಳ?"