ಇಪ್ಪತ್ತಾರನೆಯ ತೂಕ

ಅಬೀದಾಳಿಗೆ ಹೇಸಿಗೆ ಬಹಳ. ಕಾರ್ಖಾನೆಗೆ ಚಹಾ ಬಂದರೆ ತನ್ನ ಕಪ್ಪನ್ನು ತಾನೇ ಎರಡು ಸಲ ತೊಳೆದುಕೊಳ್ಳುತ್ತಿದ್ದಳು. ಕೆಲಸಕ್ಕೆ ಬಂದ ಮೊದಲ ದಿನವೇ ಹಿಂದಿನವನು ಬಿಟ್ಟುಹೋಗಿದ್ದ ಕೀಬೋರ್ಡಿನ ಒಂದೊಂದೇ ಕೀಲಿ ಕಿತ್ತು, ಸ್ಪಿರಿಟ್ ಹಚ್ಚಿ ಒರೆಸಿ, ಸಂದಿಯಿಂದ ಉದುರಿದ ಗುಟಕಾ ಪುಡಿಯನ್ನು ಕಾಗದದ ಮೇಲೆ ಕೂಡಿಸಿ ನನಗೆ ತೋರಿಸಿದಳು.

"ದುರ್ಗಕ್ಕಾ, ನೋಡ್ರಿಲ್ಲೆ. ಆ ಮನಷ್ಯಾ ಇಲ್ಲಿ ಕೆಲಸಾ ಮಾಡಾಕತ್ತಿದ್ನೋ, ಮೇಯಾಕತ್ತಿದ್ನೋ?"

ಅದು ೧೯೯೯. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ನಮ್ಮ ಕಾರ್ಖಾನೆ. ಚೀಲ ತೂಗುವ ಎಲೆಕ್ಟ್ರಾನಿಕ್ ಯಂತ್ರಗಳನ್ನು ಮಾಡುತ್ತಿದ್ದೆವು. ನಾನು ಬೋರ್ಡುಗಳಿಗೆ ಬೆಸುಗೆ ಹಾಕುವವಳು. ಅಬೀದಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಳು. ಅವಳ ಅಪ್ಪ ಗುಲಾಬಸಾಬ ಹಳೇ ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಯಂತ್ರದ ಬುದ್ಧಿಯೆಲ್ಲ ಹೆಬ್ಬೆರಳಿನಷ್ಟು ಉದ್ದದ ಒಂದು ಚಿಪ್ಪಿನಲ್ಲಿ ಇರುತ್ತಿತ್ತು. ಆ ಚಿಪ್ಪಿಗೆ ಪ್ರೋಗ್ರಾಂ ತುಂಬುವುದು ಅವಳ ಕೆಲಸ. ಹಿಂದಿನವನು ಎಲ್ಲ ಸಿದ್ಧಮಾಡಿ ಇಟ್ಟುಹೋಗಿದ್ದ. ಇವಳು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಒಂದು ಕೀಲಿ ಒತ್ತಿದರೆ ಪ್ರೋಗ್ರಾಂ ಚಿಪ್ಪಿಗೆ ಬೇಕಾದ ರೂಪಕ್ಕೆ ಬರುತ್ತಿತ್ತು. ಅದನ್ನು ಚಿಪ್ಪಿಗೆ ಇಳಿಸಿ ನನ್ನ ಮೇಜಿಗೆ ಕೊಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

೨೦೦೧ರ ಬೇಸಿಗೆಯಲ್ಲಿ ಮಾಲಕ ತ್ರ್ಯಂಬಕ ಅವರು ಯಂತ್ರಕ್ಕೆ ಹೊಸದೊಂದು ಗುಂಡಿ ಬೇಕೆಂದರು: ಖಾಲಿ ಚೀಲದ ತೂಕವನ್ನು ತಾನೇ ಕಳೆಯುವಂಥದ್ದು. ಅಬೀದಾ ನಾಲ್ಕು ದಿನ ಕೂತು ಬರೆದಳು. ಐದನೆಯ ದಿನ ಕಂಪ್ಯೂಟರ್ ತಕರಾರು ಮಾಡಿತು. ಚಿಪ್ಪಿನಲ್ಲಿ ಜಾಗ ಸಾಲುತ್ತಿಲ್ಲ, ಅರವತ್ತು ಬೈಟ್ ಹೆಚ್ಚಾಗಿದೆ ಎಂದಿತು. ಪ್ರೋಗ್ರಾಮನ್ನು ಇನ್ನಷ್ಟು ಬಿಗಿಯಾಗಿ ಕಟ್ಟುವಂತೆ ಮಾಡಬಹುದೇನೋ ಎಂದು ಅವಳು ಅದರ ಸೆಟ್ಟಿಂಗ್ ಕಿಟಕಿಯನ್ನು ತೆರೆದಳು. ಎರಡು ವರ್ಷದಲ್ಲಿ ಅದನ್ನು ತೆರೆದದ್ದು ಅದೇ ಮೊದಲು.

ಚಿಪ್ಪಿನ ಹೆಸರು, ಗಡಿಯಾರದ ವೇಗ, ನೆನಪಿನ ಅಳತೆ, ಎಲ್ಲ ಸರಿಯಾಗಿತ್ತು. ಕೊನೆಯ ಹಾಳೆಯಲ್ಲಿ ಒಂದು ಖಾಲಿ ಇರಬೇಕಾದ ಪಟ್ಟಿ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ದಲಾಲ' ಎಂದು ಬರೆದಿತ್ತು. ಅಲ್ಲಿ ಒಂದು ಹೆಸರು ಬರೆದಿಟ್ಟರೆ ಆ ಹೆಸರಿನ ಗುರುತು ಹಾಕಿದ ತುಂಡು ಪ್ರೋಗ್ರಾಮಿನೊಳಗೆ ಸೇರುತ್ತದೆ; ಹೆಸರು ಅಳಿಸಿದರೆ ಆ ತುಂಡು ಹೊರಗೇ ಉಳಿಯುತ್ತದೆ. ಅಬೀದಾ ಆ ತುಂಡನ್ನು ಹುಡುಕಿದಳು. ಅವಳು ಎಂದೂ ತೆರೆಯದಿದ್ದ ಒಂದು ಫೈಲಿನಲ್ಲಿ ಅದು ಸಿಕ್ಕಿತು. ಹನ್ನೊಂದು ಸಾಲು.

"ದುರ್ಗಕ್ಕಾ, ಒಂಚೂರು ಇಲ್ಲಿ ಬರ್ರಿ," ಎಂದು ಕರೆದಳು. ನನಗೆ ಆ ಸಾಲುಗಳು ಓದಲು ಬರುತ್ತಿರಲಿಲ್ಲ. ಅವಳೇ ಬೆರಳಿಟ್ಟು ಹೇಳಿದಳು.

"ಮಷೀನ್ ಚಾಲೂ ಮಾಡಿದ ಮ್ಯಾಲೆ ಮೊದಲ ಇಪ್ಪತ್ತೈದು ತೂಕ ಖರೇ ತೋರಸ್ತೈತಿ. ಇಪ್ಪತ್ತಾರನೇದ್ದರಿಂದ, ಮೂವತ್ತು ಕಿಲೋಕ್ಕಿಂತ ಭಾರ ಇದ್ರ, ನಾನೂರು ಗ್ರಾಂ ನುಂಗ್ತೈತಿ."

"ಇಪ್ಪತ್ತೈದು ಯಾಕ?"

"ಪರೀಕ್ಷಾ ಮಾಡಾಕ ಬಂದ ಸಾಹೇಬ್ರು ಎಷ್ಟ್ ಸಲ ತೂಗ್ತಾರ? ಎಂಟು, ಭಾಳಂದ್ರ ಹತ್ತು."

ಅವಳು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದಳು. ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು. ವಾಪಸು ಬಂದು ಪಟ್ಟಿಯೊಳಗಿನ ಆ ಹೆಸರನ್ನು ಅಳಿಸಿ ಕೀಲಿ ಒತ್ತಿದಳು. ಪ್ರೋಗ್ರಾಂ ಚಿಪ್ಪಿನೊಳಗೆ ಸಲೀಸಾಗಿ ಕೂತಿತು.

ಮಧ್ಯಾಹ್ನ ಅವಳು ತ್ರ್ಯಂಬಕ ಅವರ ಕೋಣೆಗೆ ಹೋದಳು. ನಡುವೆ ಇದ್ದದ್ದು ಬರೀ ಪ್ಲೈವುಡ್ ಗೋಡೆ, ನಮಗೆಲ್ಲ ಕೇಳಿಸುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅಬೀದಾ ಆಮೇಲೆ ಹೇಳಿದಳು.

"ಕೂಡವಾ. ಅದು ಗಿರಾಕಿ ಕೇಳಿದ್ದು, ನಾವು ಕೊಟ್ಟೇವಿ. ಬಣ್ಣಾ ಹಳದಿ ಬೇಕಂದ್ರು, ಹಳದಿ ಕೊಟ್ಟೇವಿ."

"ಸರ್ರ, ಇದು ಬಣ್ಣಲ್ರಿ. ಕಳುವು."

"ಜಾಗಾ ಸಾಲವಲ್ದು ಅಂದಿ ಹೌದಲ್ಲ? ದೊಡ್ಡ ಚಿಪ್ ತರಸ್ತೇನಿ. ಎರಡೂ ಹಿಡಸ್ತಾವ."

ಅವಳು ಹೊರಗೆ ಬಂದಾಗ ಮುಖ ಕಹಿ ಕಷಾಯ ಕುಡಿದವರಂತೆ ಇತ್ತು. "ಕಳುವು ಮಾಡಾಕ ಜಾಗಾ ಸಾಲದಿದ್ರ ದೊಡ್ಡ ಮನೀನ ಕಟ್ಟಸ್ತಾನಂತ," ಎಂದಳು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಮರುವಾರ ಒಂದು ಯಂತ್ರದ ಅಂಕಿಗಳ ಬೆಳಕು ಮಂಕಾಗಿದೆ ಎಂದು ನವಲಗುಂದದ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿಂದ ಫೋನ್ ಬಂತು. ಅಬೀದಾಳ ಜೊತೆ ನಾನೂ ಹೋದೆ. ರಸ್ತೆ ಬದಿಯ ತಗಡಿನ ಶೆಡ್ಡು. ಒಳಗೆ ಹೋದರೆ ಘಾಟಿಗೆ ಕಣ್ಣು ಮೂಗು ಸುರಿಯುತ್ತಿತ್ತು. ನಮ್ಮ ಹಳದಿ ಯಂತ್ರದ ಮುಂದೆ ಚೀಲಗಳ ಸಾಲು. ವ್ಯಾಪಾರಿ ವಿದ್ಯುತ್ ಸಂಪರ್ಕ ತೆಗೆಯಲು ಬಿಡಲಿಲ್ಲ. "ಈ ಲಾಟ್ ಮುಗೀಲಿ, ಆಮ್ಯಾಲೆ ಬಂದ್ ಮಾಡ್ರಿ. ಈಗ ಬ್ಯಾಡ," ಎಂದ. ಯಾಕೆಂದು ನಮಗೆ ಗೊತ್ತಿತ್ತು. ಆರಿಸಿ ಹಚ್ಚಿದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ರೇಣವ್ವ ಎಂಬ ಹೆಂಗಸಿನ ಚೀಲ ಏರಿಸಿದರು. ಮೂವತ್ತೊಂಬತ್ತು ಕಿಲೋ ಆರುನೂರು ಗ್ರಾಂ ತೋರಿಸಿತು. ಅವಳು ಕೆಂಪು ಅಂಕಿಗಳನ್ನೇ ನೋಡುತ್ತ ನಿಂತಳು.

"ಯಾಕವಾ?" ಎಂದು ಅಬೀದಾ ಕೇಳಿದಳು.

"ಊರಾಗ ತಕ್ಕಡ್ಯಾಗ ತೂಗಿದಾಗ ಬರೋಬ್ಬರಿ ನಲವತ್ತಿತ್ತವಾ. ಚಕ್ಕಡ್ಯಾಗ ಬಿಸಲಿಗೆ ಒಣಗಿರಬೇಕು. ಮ್ಯಾಲೆ ಗೋಣಿತಟ್ಟ ಹೊಚ್ಚಬೇಕಾಗಿತ್ತು, ನಂದ ತಪ್ಪು."

ಅಬೀದಾ ಹೊರಗೆ ನಡೆದಳು. ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಮೆಣಸಿನಕಾಯಿ ಘಾಟಿಗೆ ಹಾಗಾಗಿದೆ ಎಂದು ಆ ವ್ಯಾಪಾರಿ ನೀರು ತರಿಸಿಕೊಟ್ಟ. ಅವಳು ಆ ಲೋಟ ಮುಟ್ಟಲಿಲ್ಲ. ಬಸ್ಸಿನಲ್ಲಿ ಬರುವಾಗ, "ಆ ಮಷೀನಿನ ಚಿಪ್ ನಾನ ತುಂಬಿದ್ದು, ಅದರ ಮ್ಯಾಲೆ ನನ್ನ ಅಕ್ಷರ ಐತಿ," ಎಂದಷ್ಟೇ ಹೇಳಿದಳು.

ನಮ್ಮ ಯಂತ್ರಗಳು ಸರಕಾರದ ಮುದ್ರೆ ಹಾಕಿಸಿಕೊಳ್ಳುವ ಮುಂಚೆ ವರ್ಷಕ್ಕೊಮ್ಮೆ ಸರ್ವಿಸಿಗೆ ಕಾರ್ಖಾನೆಗೆ ಬರುತ್ತಿದ್ದವು. ಆ ವರ್ಷ ಬಂದ ಪ್ರತಿಯೊಂದರ ಚಿಪ್ಪನ್ನೂ ಅಬೀದಾ ಬದಲಿಸಿದಳು. 'ದಲಾಲ' ಇಲ್ಲದ ಪ್ರೋಗ್ರಾಂ ತುಂಬಿ, ಮುಚ್ಚಳ ಬಿಗಿದು ಕಳಿಸಿದಳು. ಮಾಲಕರಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು, ಸ್ಕ್ರೂ ಹಾಕುತ್ತಿದ್ದವಳು ನಾನೇ. ಎರಡು ತಿಂಗಳಲ್ಲಿ ಎಪ್ಪತ್ತೊಂದು ಯಂತ್ರ ಹಾಗೆ ಹೊರಬಿದ್ದವು.

ಒಂದು ದಿನ ಅದೇ ಮೆಣಸಿನಕಾಯಿ ವ್ಯಾಪಾರಿ ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಹೊರಗೆ ಬೇರೆ ಗಿರಾಕಿಗಳು ಕೂತಿದ್ದರು.

"ನಿಮ್ಮ ಮಷೀನ್ ಕೆಟ್ಟೈತಿ!" ಎಂದು ಕೂಗಿದ.

ಅಬೀದಾ ರಿಪೇರಿ ಪುಸ್ತಕ ತೆಗೆದುಕೊಂಡು ಹೊರಗೆ ಬಂದಳು. "ಏನ್ ತೊಂದರಿ ಹೇಳ್ರಿ, ಬರಕೋತೇನಿ. ಹೆಚ್ಚು ತೋರಸ್ತೈತಿ?"

"ಇಲ್ಲ."

"ಕಡಿಮಿ?"

"ಇಲ್ಲ."

"ಹಂಗಂದ್ರ ಸರಿ ತೋರಸಾಕತ್ತೈತಿ. ಮಷೀನ್ ಸರಿ ತೋರಸ್ತೈತಿ ಅಂತ ತಕರಾರು ಬರೀಲ್ರಿ? ಇಲ್ಲಿ ಸಹಿ ಮಾಡ್ರಿ."

ಅವನು ಪೆನ್ನಿನ ಕಡೆ ನೋಡಿದ, ಕೂತಿದ್ದವರ ಕಡೆ ನೋಡಿದ. ಸೀದಾ ತ್ರ್ಯಂಬಕ ಅವರ ಕೋಣೆಗೆ ಹೋದ. ಸಂಜೆಯೊಳಗೆ ಅಬೀದಾಳ ಕೆಲಸ ಹೋಗಿತ್ತು.

ಮನೆಯಲ್ಲಿ ಗುಲಾಬಸಾಬ ಮಗಳಿಗೆ, "ಬ್ಯಾರೆ ಫ್ಯಾಕ್ಟರಿಗೆ ಹೋದ್ರ ಅಲ್ಲೇನ್ ಹಾಲಿನ್ಯಾಗ ತೊಳದವರ ಇರ್ತಾರ? ಕಣ್ ಮುಚ್ಚಿಕೊಂಡ ಇರಬೇಕಾಗಿತ್ತು," ಎಂದನಂತೆ. ಅಪ್ಪನ ಬಾಯಿಂದ ಅದನ್ನು ಕೇಳಿದ್ದು ತನಗೆ ಎಲ್ಲಕ್ಕಿಂತ ಅಸಹ್ಯವಾಯಿತು ಎಂದು ಅವಳು ನನಗೆ ಹೇಳಿದಳು. ತಿಂಗಳುಗಟ್ಟಲೆ ಅಪ್ಪ ಮಗಳು ಸರಿಯಾಗಿ ಮಾತಾಡಲಿಲ್ಲ.

ಇತ್ತ ತ್ರ್ಯಂಬಕ ಅವರು ಹೊಸಬನೊಬ್ಬನನ್ನು ತಂದು ಕೂರಿಸಿದರು. ಅವನಿಗೆ ಹಳೆಯ ಫೈಲುಗಳನ್ನು ಹುಡುಕಿ ತೆಗೆದು, ಪಟ್ಟಿಯಲ್ಲಿ ಆ ಹೆಸರನ್ನು ಮತ್ತೆ ಬರೆಯಲು ಅರ್ಧ ದಿನವೂ ಹಿಡಿಯಲಿಲ್ಲ. ದೊಡ್ಡ ಚಿಪ್ಪುಗಳ ಪೆಟ್ಟಿಗೆಯೂ ಬಂತು. ಮೊದಲ ಚಿಪ್ಪು ಹೋದದ್ದು ಆ ಮೆಣಸಿನಕಾಯಿ ವ್ಯಾಪಾರಿಯ ಯಂತ್ರಕ್ಕೆ. ನಾನು ಅಬೀದಾಳಿಗೆ ಸುದ್ದಿ ಮುಟ್ಟಿಸಿದೆ.

ಅವಳು ತೂಕ ಮತ್ತು ಅಳತೆಯ ಇಲಾಖೆಗೆ ಅರ್ಜಿ ಬರೆದಳು. ಹದಿನೈದು ದಿನದ ಮೇಲೆ ಒಬ್ಬ ಅಧಿಕಾರಿ ಆ ಮೆಣಸಿನಕಾಯಿ ಶೆಡ್ಡಿಗೆ ಪರೀಕ್ಷೆಗೆ ಬಂದರು, ಅಬೀದಾಳೂ ಹೋಗಿದ್ದಳು. ವ್ಯಾಪಾರಿ ಯಂತ್ರವನ್ನು ಆರಿಸಿ ಹಚ್ಚಿಕೊಟ್ಟ. ಅಧಿಕಾರಿ ಇಪ್ಪತ್ತು ಕಿಲೋದ ಎರಡು ತೂಕದ ಕಲ್ಲು ಇಟ್ಟು, ಇಳಿಸಿ, ಮತ್ತೆ ಇಟ್ಟು, ಹತ್ತು ಸಲ ತೂಗಿದರು. ಹತ್ತೂ ಸಲ ನಲವತ್ತೇ. "ಸರಿ ಐತಲ್ಲಮ್ಮ," ಎಂದು ಕಾಗದ ತೆಗೆದರು.

"ಇನ್ನಾ ಹದಿನಾರು ಸಲ ತೂಗ್ರಿ, ಸಾಹೇಬ್ರ."

"ಹದಿನಾರು?"

"ನನ್ನ ಮಾತಿಗೆ ತೂಗ್ರಿ. ಬಂದ್ ಮಾತ್ರ ಮಾಡಬ್ಯಾಡ್ರಿ."

ವ್ಯಾಪಾರಿ ಚಹಾ ತರಿಸುತ್ತೇನೆ ಎಂದ, ಹೊತ್ತಾಯಿತು ಎಂದ. ಕಡೆಗೆ ಯಂತ್ರ ಆರಿಸುವ ಗುಂಡಿಯ ಕಡೆ ಕೈ ಚಾಚಿದ. ಆ ಕೈಯನ್ನು ಅಧಿಕಾರಿ ನೋಡಿದರು. ಕಾಗದ ಮಡಚಿ ಜೇಬಿಗೆ ಹಾಕಿ, ತಾವೇ ಬಗ್ಗಿ ಕಲ್ಲು ಎತ್ತತೊಡಗಿದರು. ಇಪ್ಪತ್ತೈದರ ತನಕ ನಲವತ್ತು. ಇಪ್ಪತ್ತಾರನೆಯದಕ್ಕೆ ಮೂವತ್ತೊಂಬತ್ತು ಕಿಲೋ ಆರುನೂರು. ಅವರು ಕಲ್ಲು ಇಳಿಸಿ ಮತ್ತೆ ಇಟ್ಟರು. ಮತ್ತೆ ಅಷ್ಟೇ.

ಕಾರ್ಖಾನೆಗೆ ಬೀಗ ಬಿತ್ತು, ನಮ್ಮೆಲ್ಲರ ಕೆಲಸವೂ ಹೋಯಿತು. ಅದಕ್ಕಾಗಿ ಅಬೀದಾಳನ್ನು ಬೈದವರು ಬಹಳ. ನಾನೂ ಒಂದೆರಡು ದಿನ ಮನಸ್ಸಿನಲ್ಲೇ ಬೈದೆ. ತ್ರ್ಯಂಬಕ ಅವರು ದಂಡ ಕಟ್ಟಿ, ವರ್ಷದ ಮೇಲೆ ಹೆಂಡತಿಯ ಹೆಸರಿನಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್ ಮಾಡತೊಡಗಿದರು. ಅಬೀದಾಳಿಗೆ ಧಾರವಾಡದಲ್ಲಿ ಪಂಪ್‌ಸೆಟ್ಟಿನ ಟೈಮರ್ ಮಾಡುವಲ್ಲಿ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದಾಳೆ.

ಅವಳ ನೆಂಟರು ಮದುವೆ ಮನೆಗಳಲ್ಲಿ ಆ ಅಧಿಕಾರಿಯ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಅವಳಿಗೆ ಅದು ಸೇರುವುದಿಲ್ಲ, ಎದ್ದು ಹೊರಗೆ ಹೋಗುತ್ತಾಳೆ. ಅವಳು ಸೆಟ್ಟಿಂಗ್ ನೋಡದೆ ಕೀಲಿ ಒತ್ತಿದ ಆ ಎರಡು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಯಂತ್ರ ಹೋಗಿದ್ದವು. ಅವಳು ಚಿಪ್ಪು ಬದಲಿಸಿದವನ್ನೂ ಇಲಾಖೆಯವರು ಹಿಡಿದವನ್ನೂ ಬಿಟ್ಟು ಉಳಿದವು ಎಲ್ಲೆಲ್ಲೋ ಕೈಯಿಂದ ಕೈಗೆ ಮಾರಾಟವಾಗಿವೆ. ರವಿವಾರ ಅವಳು ಕುಂದಗೋಳ, ಅಣ್ಣಿಗೇರಿ ಎಂದು ಊರೂರು ತಿರುಗುತ್ತಾಳೆ. ಹಳದಿ ಯಂತ್ರ ಕಂಡರೆ ಒಳಗೆ ಹೋಗಿ ಚಿಪ್ಪು ಬದಲಿಸಿಕೊಡುತ್ತೇನೆ ಎನ್ನುತ್ತಾಳೆ, ಆಮೇಲೆ ಮತ್ತೆ ಮುದ್ರೆ ಹಾಕಿಸಬೇಕು ಎನ್ನುತ್ತಾಳೆ. ಒಪ್ಪದಿದ್ದರೆ ಇಲಾಖೆಗೆ ಕಾಗದ ಬರೆಯುತ್ತಾಳೆ.

ಈವರೆಗೆ ಒಂಬತ್ತು ಸಿಕ್ಕಿವೆ. ಹೋದ ಸಲ ಅವಳು ಸಿಕ್ಕಾಗ ನಾನು ಕೇಳಿದೆ, "ಆ ಮಷೀನ್ ಇಟ್ಟವರು ಏನಂತಾರ? ಗೊತ್ತಿದ್ದಿಲ್ಲ ಅಂತಾರೇನು?"

"ಒಬ್ಬನೂ ಅನ್ನಲಿಲ್ರಿ, ದುರ್ಗಕ್ಕಾ," ಎಂದಳು. "ಸುಳ್ಳ ಹೇಳೂವಷ್ಟೂ ನಾಚಿಕಿಲ್ಲ ಅವರಿಗೆ."